ಕುಡುಗೋಲು ಕಣ ತಪಾಸಣೆ: ಒಂದು ಚೀಟಿಯ ಹಿಂದಿನ ಲೆಕ್ಕವೂ ಭಾಷೆಯೂ

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ಸಂಶೋಧಕರು ನೀಲಗಿರಿಯ ಗುಡ್ಡಗಾಡು ಸಮುದಾಯಗಳ ರಕ್ತದಲ್ಲಿ ಕುಡುಗೋಲಿನ ಆಕಾರ ತಾಳುವ ಕೆಂಪು ಕಣಗಳನ್ನು ಗುರುತಿಸಿ, ಆ ಸಂಗತಿಯನ್ನು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಈ ಲಕ್ಷಣವನ್ನು ಬಹುಮಟ್ಟಿಗೆ ಆಫ್ರಿಕಾ ಮೂಲದ ಜನರಿಗೆ ಸಂಬಂಧಿಸಿದುದೆಂದೇ ಭಾವಿಸಲಾಗಿತ್ತು. ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿದಾಗ ಅವರ ಮುಂದಿದ್ದ ರೋಗಿ ಕೆರಿಬಿಯನ್ ದ್ವೀಪವೊಂದರಿಂದ ಬಂದಿದ್ದ ವಿದ್ಯಾರ್ಥಿ. ನೀಲಗಿರಿಯ ವರದಿ ಬಂದ ವರ್ಷವೇ ಮೇಲಣ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲಿಯೂ ಇದು ಕಂಡುಬಂದಿತು. ಹೀಗೆ ಭಾರತದಲ್ಲಿ ಈ ರೋಗದ ಚರಿತ್ರೆ ಆರಂಭವಾಗುವುದೇ ನೀಲಗಿರಿಯ ಇಳಿಜಾರುಗಳಿಂದ. ಕನ್ನಡ, ತಮಿಳು, ಮಲಯಾಳಗಳು ಒಂದರೊಳಗೊಂದು ಬೆರೆತು, ಬಡಗ, ಕುರುಂಬ, ಇರುಳ ನುಡಿಗಳೊಡನೆ ಬಾಳುತ್ತಿರುವ ನೆಲ ಅದು.

ಏಳು ದಶಕಗಳ ತರುವಾಯ, 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನ ಅಭಿಯಾನ ಆರಂಭವಾಯಿತು. 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆ ಅದರ ಗುರಿ. 2047ರೊಳಗೆ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಅದರ ಸಂಕಲ್ಪ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳೆಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಎಂದರೆ ಕನ್ನಡದ ಗಡಿಯುದ್ದಕ್ಕೂ ಬೆರಳ ತುದಿಯ ರಕ್ತ ಕೊಟ್ಟು ಒಂದು ಚೀಟಿ ಪಡೆಯುವವರ ಸಂಖ್ಯೆ ಸಣ್ಣದಾಗಿರುವುದಿಲ್ಲ. ಆ ಚೀಟಿಯ ಮೇಲೆ ಸಾಮಾನ್ಯವಾಗಿ ಒಂದೇ ಪದವಿರುತ್ತದೆ: ಪಾಸಿಟಿವ್ ಅಥವಾ ನೆಗೆಟಿವ್. ಆ ಒಂದು ಪದದ ಮೇಲೆ ಮದುವೆಯ ಮಾತುಕತೆ ನಿಂತುಹೋಗಬಹುದು, ಬಸುರಿಯೊಬ್ಬಳ ನಿದ್ದೆ ಕೆಡಬಹುದು. ಇಲ್ಲವೇ, ಕಾಯಿಲೆಯ ಮಗುವೊಂದನ್ನು ಆರೋಗ್ಯವಂತವೆಂದು ಮನೆಗೆ ಕಳುಹಿಸಲೂಬಹುದು. ಆದ್ದರಿಂದ ಆ ಪದದ ಹಿಂದೆ ಅಡಗಿರುವ ಲೆಕ್ಕ ಕೇವಲ ವೈದ್ಯರ ಮತ್ತು ಸಂಖ್ಯಾಶಾಸ್ತ್ರಜ್ಞರ ಸ್ವತ್ತಾಗಿ ಉಳಿಯಬೇಕಾದುದಲ್ಲ.

ಮೊದಲು ರೋಗದ ಸ್ವರೂಪ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಹೀಗೆ ಬದಲಾದ ಹಿಮೋಗ್ಲೋಬಿನ್ ಆಮ್ಲಜನಕ ಕಳೆದುಕೊಂಡಾಗ ಎಳೆಎಳೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೆಂಪು ಕಣ ಬಾಗಿ ಬಿರುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತಾಯಿ ತಂದೆ ಇಬ್ಬರಿಂದಲೂ ಈ ಬದಲಾದ ಜೀನ್ ಪಡೆದವರಿಗೆ ರೋಗ: ಮೈಕೈ ನೋವಿನ ದಾಳಿ, ರಕ್ತಹೀನತೆ, ಪದೇ ಪದೇ ಸೋಂಕು. ಒಬ್ಬರಿಂದ ಮಾತ್ರ ಪಡೆದವರು ಬಹುತೇಕ ಆರೋಗ್ಯವಂತರಾಗಿಯೇ ಬಾಳುತ್ತಾರೆ. ಅಷ್ಟೇ ಅಲ್ಲ, ಮಾರಕ ಮಲೇರಿಯದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ದೊರೆಯುತ್ತದೆಂದು ಆಂಟನಿ ಆಲಿಸನ್ 1954ರಲ್ಲಿ ತೋರಿಸಿಕೊಟ್ಟರು. ವಯನಾಡು, ನೀಲಗಿರಿಯ ತಪ್ಪಲಿನಂತಹ ಹಳೆಯ ಮಲೇರಿಯ ಸೀಮೆಗಳಲ್ಲಿ ಈ ಜೀನ್ ಉಳಿದು ಬಂದುದರ ಗುಟ್ಟು ಅದರಲ್ಲಿದೆ. ಒಂದು ಪ್ರತಿ ಇರುವವರು ಬೇರೆ, ಎರಡು ಪ್ರತಿ ಇರುವವರು ಬೇರೆ ಎಂಬ ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟುವುದು ಇದನ್ನು ಮರೆತಾಗಲೇ.

ಶಿಬಿರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಕರಗುವಿಕೆ ಪರೀಕ್ಷೆ. ಒಂದು ಹನಿ ರಕ್ತವನ್ನು ರಾಸಾಯನಿಕ ದ್ರಾವಣವೊಂದಕ್ಕೆ ಬೆರೆಸುತ್ತಾರೆ. ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬರುತ್ತದೆ. ದ್ರಾವಣ ಅದರಿಂದ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಸಾಮಾನ್ಯ ಹಿಮೋಗ್ಲೋಬಿನ್ ಕರಗಿಯೇ ಇದ್ದು ದ್ರಾವಣ ತಿಳಿಯಾಗಿ ಉಳಿಯುತ್ತದೆ. ಕುಡುಗೋಲು ಹಿಮೋಗ್ಲೋಬಿನ್ ಇದ್ದರೆ ಕದಡಿ ಮಬ್ಬಾಗುತ್ತದೆ. ಕೊಳವೆಯ ಹಿಂದೆ ಗೆರೆಗಳಿರುವ ಕಾಗದ ಹಿಡಿದು ಗೆರೆ ಕಾಣುತ್ತದೆಯೇ ಇಲ್ಲವೇ ಎಂದು ನೋಡುವುದಷ್ಟೇ ಓದುವ ಕ್ರಮ. ಅಗ್ಗ, ಸುಲಭ, ವಿದ್ಯುತ್ತಿಲ್ಲದ ಹಾಡಿಯಲ್ಲಿಯೂ ಮಾಡಬಹುದಾದುದು. ಆದರೆ ಒಂದು ಪ್ರತಿ ಇದ್ದರೂ ಮಬ್ಬು, ಎರಡಿದ್ದರೂ ಮಬ್ಬು: ಈ ಪರೀಕ್ಷೆ ಆರೋಗ್ಯವಂತನನ್ನೂ ರೋಗಿಯನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಆರು ತಿಂಗಳೊಳಗಿನ ಕೂಸಿನ ರಕ್ತದಲ್ಲಿ ಗರ್ಭದ ಕಾಲದ ಹಿಮೋಗ್ಲೋಬಿನ್ ಇನ್ನೂ ಹೆಚ್ಚಾಗಿರುವುದರಿಂದ ರೋಗವಿದ್ದರೂ ಗೆರೆಗಳು ಕಾಣಬಹುದು. ತೀವ್ರ ರಕ್ತಹೀನತೆಯುಳ್ಳವರಲ್ಲಿ, ಇತ್ತೀಚೆಗೆ ರಕ್ತ ಪಡೆದವರಲ್ಲಿಯೂ ಹಾಗೆಯೇ. ಇನ್ನೊಂದೆಡೆ, ರಕ್ತದಲ್ಲಿ ಕೊಬ್ಬು ಅಥವಾ ಪ್ರೋಟೀನು ಹೆಚ್ಚಾಗಿದ್ದವರಲ್ಲಿ ಆ ಜೀನ್ ಇಲ್ಲದೆಯೂ ಮಬ್ಬು ಮೂಡಬಹುದು.

ಜರಡಿಯ ಎರಡು ಗುಣ

ತಪಾಸಣೆಯ ಯಾವುದೇ ಪರೀಕ್ಷೆ ಒಂದು ಜರಡಿ. ಅದಕ್ಕೆ ಎರಡು ಬೇರೆಬೇರೆ ಗುಣಗಳಿವೆ. ಲಕ್ಷಣ ನಿಜವಾಗಿಯೂ ಇರುವವರಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯುತ್ತದೆ ಎಂಬುದು ಒಂದು. ಲಕ್ಷಣ ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂಬುದು ಇನ್ನೊಂದು. ಈ ಎರಡನ್ನು ಪ್ರತ್ಯೇಕಿಸಿ ಹೆಸರಿಟ್ಟು ವೈದ್ಯಕೀಯ ಚರ್ಚೆಗೆ ತಂದವರು ಜೇಕಬ್ ಯೆರುಶಲ್ಮಿ. 1947ರಲ್ಲಿ ಎದೆಯ ಎಕ್ಸ್-ರೇ ಚಿತ್ರಗಳನ್ನು ಓದುವುದರಲ್ಲಿ ತಜ್ಞರು ಎಷ್ಟು ತಪ್ಪುತ್ತಾರೆ ಎಂಬ ಪ್ರಶ್ನೆಯಿಂದ ಅವರು ಹೊರಟಿದ್ದರು. ಕನ್ನಡದಲ್ಲಿ ಮೊದಲನೆಯದನ್ನು ಸೂಕ್ಷ್ಮತೆ ಅಥವಾ ಸಂವೇದನಶೀಲತೆ ಎಂದೂ ಎರಡನೆಯದನ್ನು ನಿರ್ದಿಷ್ಟತೆ ಎಂದೂ ಅನುವಾದಿಸುವ ರೂಢಿಯಿದೆ. ನವ್ಯ ವಿಮರ್ಶೆಯನ್ನು ಓದಿ ಬೆಳೆದ ಕನ್ನಡಿಗನಿಗೆ ‘ಸಂವೇದನಶೀಲ ಪರೀಕ್ಷೆ’ ಎಂದರೆ ಕವಿತೆ ಬರೆಯಬಲ್ಲ ಪರೀಕ್ಷೆಯೆಂದು ತೋರಿದರೆ ತಪ್ಪೇನಿಲ್ಲ. ಪಾರಿಭಾಷಿಕ ಪದ ಬೇಕೆನ್ನುವವರು ಅದನ್ನು ಉಳಿಸಿಕೊಳ್ಳಲಿ. ಈ ಲೇಖನದಲ್ಲಿ ‘ಹಿಡಿಯುವ ಬಲ’, ‘ಬಿಡುವ ಬಲ’ ಎಂಬ ಮಾತುಗಳೇ ಸಾಕು.

ಇವೆರಡೂ ಪರೀಕ್ಷೆಯ ಗುಣಗಳು. ಆದರೆ ಚೀಟಿ ಹಿಡಿದು ನಿಂತವರ ಪ್ರಶ್ನೆ ಬೇರೆಯದು. ‘ನನ್ನಲ್ಲಿ ಆ ಲಕ್ಷಣ ಇದ್ದರೆ ಪರೀಕ್ಷೆ ಪಾಸಿಟಿವ್ ಬರುವ ಸಂಭವ ಎಷ್ಟು?’ ಎಂದು ಯಾರೂ ಕೇಳುವುದಿಲ್ಲ. ‘ಪಾಸಿಟಿವ್ ಬಂದಿದೆ, ನನ್ನಲ್ಲಿ ಅದು ನಿಜವಾಗಿ ಇರುವ ಸಂಭವ ಎಷ್ಟು?’ ಎಂದು ಕೇಳುತ್ತಾರೆ. ವಾಕ್ಯದ ಎರಡು ತುಂಡುಗಳನ್ನು ಅದಲುಬದಲು ಮಾಡಿದಂತೆ ಕಾಣುವ ಈ ಎರಡು ಪ್ರಶ್ನೆಗಳ ಉತ್ತರಗಳು ಒಂದೇ ಆಗಿರಬೇಕಿಲ್ಲ. ಮಳೆ ಬಂದಾಗ ನೆಲ ತೇವವಾಗುವುದು ಖಚಿತ. ತೇವವಾದ ನೆಲ ಕಂಡು ಮಳೆ ಬಂದಿತೆನ್ನುವುದು ಅಷ್ಟು ಖಚಿತವಲ್ಲ, ಅಂಗಳಕ್ಕೆ ನೀರು ಚಿಮುಕಿಸಿರಬಹುದು.

ಒಂದು ಲೆಕ್ಕ ಮಾಡಬಹುದು. ಇಲ್ಲಿ ಬರುವ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು, ಯಾವುದೇ ಊರಿನವಲ್ಲ. ಪರೀಕ್ಷೆಯೊಂದರ ಹಿಡಿಯುವ ಬಲ ನೂರಕ್ಕೆ 95, ಬಿಡುವ ಬಲ ನೂರಕ್ಕೆ 98 ಎಂದಿರಲಿ. ಸಾವಿರ ಜನರಿರುವ ಕಾಡಂಚಿನ ಹಾಡಿಗಳ ಒಂದು ಗುಂಪಿನಲ್ಲಿ 200 ಮಂದಿಗೆ ಈ ಜೀನ್ ಇದೆ. ಅವರಲ್ಲಿ 190 ಮಂದಿ ಸಿಗುತ್ತಾರೆ, 10 ಮಂದಿ ತಪ್ಪಿಸಿಕೊಳ್ಳುತ್ತಾರೆ. ಜೀನ್ ಇಲ್ಲದ 800 ಮಂದಿಯಲ್ಲಿ ನೂರಕ್ಕೆ ಇಬ್ಬರಂತೆ 16 ಮಂದಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ ಚೀಟಿಗಳು 206, ನಿಜವಾದವು 190. ಎಂದರೆ ನೂರು ಪಾಸಿಟಿವ್‌ಗಳಲ್ಲಿ ಸುಮಾರು 92 ನಿಜ.

ಅದೇ ಪೆಟ್ಟಿಗೆ, ಅದೇ ದ್ರಾವಣ, ಅದೇ ಸಿಬ್ಬಂದಿ ಈಗ ಬಯಲುಸೀಮೆಯ ಪೇಟೆಯೊಂದಕ್ಕೆ ಹೋದರೆಂದುಕೊಳ್ಳೋಣ. ಅಲ್ಲಿ 10,000 ಜನರಲ್ಲಿ ಜೀನ್ ಇರುವವರು 40 ಮಂದಿ ಮಾತ್ರ. ಅವರಲ್ಲಿ 38 ಮಂದಿ ಸಿಗುತ್ತಾರೆ. ಉಳಿದ 9,960 ಮಂದಿಯಲ್ಲಿ ನೂರಕ್ಕೆ ಇಬ್ಬರಂತೆ ಸುಮಾರು 199 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು ಪಾಸಿಟಿವ್ ಚೀಟಿಗಳು 237, ನಿಜವಾದವು 38. ನೂರಕ್ಕೆ 16. ಪರೀಕ್ಷೆ ಎಳ್ಳಷ್ಟೂ ಬದಲಾಗಿಲ್ಲ, ಜರಡಿಯ ಕಣ್ಣು ಅಷ್ಟೇ ಇದೆ. ಬದಲಾದುದು ಜರಡಿಗೆ ಸುರಿದ ರಾಶಿ. ಕಾಳು ಹೆಚ್ಚಿದ್ದ ರಾಶಿಯಲ್ಲಿ ಜರಡಿಯ ಮೇಲೆ ಉಳಿದುದು ಬಹುತೇಕ ಕಾಳೇ. ಜೊಳ್ಳೇ ತುಂಬಿದ್ದ ರಾಶಿಯಲ್ಲಿ ಮೇಲೆ ಉಳಿದುದರಲ್ಲೂ ಜೊಳ್ಳೇ ಹೆಚ್ಚು. ನೆಗೆಟಿವ್ ಚೀಟಿಗಳ ಕಥೆ ಇದಕ್ಕೆ ತಿರುವುಮುರುವು. ಪೇಟೆಯ 9,763 ನೆಗೆಟಿವ್‌ಗಳಲ್ಲಿ ತಪ್ಪಾದವು ಎರಡೇ. ಹಾಡಿಯ 794 ನೆಗೆಟಿವ್‌ಗಳಲ್ಲಿ ಹತ್ತು ತಪ್ಪು. ಎಂದರೆ ಹಾಡಿಯಲ್ಲಿ ಪಾಸಿಟಿವ್ ಚೀಟಿಯನ್ನು ಹೆಚ್ಚು ನಂಬಬಹುದು, ಪೇಟೆಯಲ್ಲಿ ನೆಗೆಟಿವ್ ಚೀಟಿಯನ್ನು.

ಈ ತಿರುಗುಪ್ರಶ್ನೆಯ ಸೂತ್ರ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಹೆಸರಿನಲ್ಲಿದೆ. ಅವರು 1761ರಲ್ಲಿ ತೀರಿಕೊಂಡರು. ಅವರ ಪ್ರಬಂಧವನ್ನು ಗೆಳೆಯ ರಿಚರ್ಡ್ ಪ್ರೈಸ್ ಎರಡು ವರ್ಷಗಳ ಬಳಿಕ ಪ್ರಕಟಿಸಿದರು. ಇಷ್ಟು ಹಳೆಯ ಸೂತ್ರ ವೈದ್ಯರಿಗೆ ಕರಗತವಾಗಿರಬೇಕೆಂದು ಯಾರಾದರೂ ಊಹಿಸಬಹುದು. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧನಾಸ್ಪತ್ರೆಗಳಲ್ಲಿ ಕ್ಯಾಸೆಲ್ಸ್ ಮತ್ತು ಸಂಗಡಿಗರು 60 ಮಂದಿ ವೈದ್ಯರಿಗೂ ವಿದ್ಯಾರ್ಥಿಗಳಿಗೂ ಒಂದು ಪ್ರಶ್ನೆ ಕೇಳಿದರು: ಸಾವಿರಕ್ಕೊಬ್ಬರಲ್ಲಿರುವ ರೋಗ, ನೂರಕ್ಕೆ ಐದು ಸುಳ್ಳು ಪಾಸಿಟಿವ್ ಕೊಡುವ ಪರೀಕ್ಷೆ, ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವ ಎಷ್ಟು? ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ನೂರಕ್ಕೆ 95. ಸರಿಯುತ್ತರ ನೂರಕ್ಕೆ ಸುಮಾರು 2. ಅದನ್ನು ಹೇಳಿದವರು 60ರಲ್ಲಿ 11 ಮಂದಿ. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಮತ್ತು ಉಲ್ರಿಷ್ ಹೊಫ್ರಾಗೆ 1995ರಲ್ಲಿ ತೋರಿಸಿದ ಸಂಗತಿ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು: ಶೇಕಡಾವಾರು ಮತ್ತು ಸಂಭವನೀಯತೆಯ ಭಾಷೆಯಲ್ಲಿ ಕೇಳಿದಾಗ ಎಡವುವ ಜನ, ಅದೇ ಪ್ರಶ್ನೆಯನ್ನು ‘ಸಾವಿರ ಜನರಲ್ಲಿ ಇಷ್ಟು ಮಂದಿ’ ಎಂದು ತಲೆಲೆಕ್ಕದಲ್ಲಿ ಕೇಳಿದರೆ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಸರಿಯುತ್ತರಕ್ಕೆ ಬರುತ್ತಾರೆ. ದೋಷ ಬುದ್ಧಿಯದಲ್ಲ, ಹೇಳಿದ ರೀತಿಯದು. ಇದು ಗಣಿತಕ್ಕಿಂತ ಹೆಚ್ಚಾಗಿ ನಿರೂಪಣೆಯ ವಿಚಾರವಾದುದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ.

ಮೊದಲ ಜರಡಿಯ ಮೇಲೆ ಉಳಿದುದನ್ನು ಎರಡನೆಯ ಜರಡಿಗೆ ಹಾಕುವುದೇ ಈ ತೊಡಕಿಗೆ ಪರಿಹಾರ. ಪೇಟೆಯ ಆ 237 ಮಂದಿಯ ರಕ್ತವನ್ನು ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯ ಪರೀಕ್ಷೆಗೆ, ಎಂದರೆ ಎಲೆಕ್ಟ್ರೊಫೊರೆಸಿಸ್‌ಗೋ ಎಚ್‌ಪಿಎಲ್‌ಸಿಗೋ, ಕಳುಹಿಸಿದರೆ, ಮತ್ತು ಅದರ ಬಿಡುವ ಬಲ ನೂರಕ್ಕೆ 99 ಎಂದಿಟ್ಟುಕೊಂಡರೆ, 199 ಸುಳ್ಳು ಪಾಸಿಟಿವ್‌ಗಳಲ್ಲಿ ಉಳಿಯುವುದು ಎರಡು. 38 ನಿಜ, 2 ಸುಳ್ಳು: ಈಗ ಚೀಟಿಗೆ ಅರ್ಥ ಬಂದಿತು. ಒಂದು ಪ್ರತಿಯೋ ಎರಡು ಪ್ರತಿಯೋ ಎಂಬುದೂ ಅದರಲ್ಲಿಯೇ ತಿಳಿಯುತ್ತದೆ. ಆದರೆ ಎರಡನೆಯ ಜರಡಿ ಬೇರೆ ಬಗೆಯದಾಗಿರಬೇಕು. ಮೂರು ತಿಂಗಳ ಕೂಸಿನ ರಕ್ತಕ್ಕೆ ಅದೇ ಕರಗುವಿಕೆ ಪರೀಕ್ಷೆಯನ್ನು ಹತ್ತು ಸಲ ಮಾಡಿದರೂ ಹತ್ತು ಸಲವೂ ತಿಳಿಯಾಗಿಯೇ ಕಾಣಬಹುದು. ತಪ್ಪಿನ ಕಾರಣ ಕೂಸಿನ ರಕ್ತದಲ್ಲೇ ಇದೆ, ಕೈತಪ್ಪಿನಲ್ಲಿಲ್ಲ. ‘ಎರಡು ಸಲ ಮಾಡಿಸಿದೆವು, ಎರಡು ಸಲವೂ ನೆಗೆಟಿವ್’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಪದಗಳು ಮಾಡುವ ಕೇಡು

ಗಡಿನಾಡಿನಲ್ಲಿ ಲೆಕ್ಕದ ಮೇಲೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ವಯನಾಡಿನ ಕಾಟ್ಟುನಾಯ್ಕರು ಮನೆಯಲ್ಲಿ ಆಡುವುದು ಕನ್ನಡಕ್ಕೆ ತೀರ ಹತ್ತಿರವಾದ ನುಡಿ, ಆಸ್ಪತ್ರೆಯ ಮಾತು ಮಲಯಾಳ, ಚೀಟಿ ಇಂಗ್ಲಿಷಿನದು. ಗುಡಲೂರಿನ ಬೆಟ್ಟಕುರುಂಬರಿಗೆ ಮಲಯಾಳದ ಜಾಗದಲ್ಲಿ ತಮಿಳು. ಮೂರು ಭಾಷೆಗಳ ನಡುವೆ ಹಾದುಬರುವಷ್ಟರಲ್ಲಿ ‘ಪಾಸಿಟಿವ್’ ಎಂಬ ಪದ ಒಂದಷ್ಟು ಹೊಸ ಅರ್ಥಗಳನ್ನು ಕಟ್ಟಿಕೊಂಡಿರುತ್ತದೆ. ಮಾತುಕತೆಯಲ್ಲಿ ಪಾಸಿಟಿವ್ ಎಂದರೆ ಒಳ್ಳೆಯದು, ಆಸ್ಪತ್ರೆಯಲ್ಲಿ ಕೆಟ್ಟದ್ದು, ಕೋವಿಡ್ ಕಾಲದ ನೆನಪಿನಲ್ಲಿ ಅಂಟುವಂಥದ್ದು.

ಕನ್ನಡ ಪದ ಬಳಸಿದರೆ ಎಲ್ಲವೂ ಸರಿಹೋಗುತ್ತದೆಂದೂ ಇಲ್ಲ. ಒಂದೇ ಪ್ರತಿ ಇರುವವರನ್ನು ‘ವಾಹಕ’ರೆಂದು ಕರೆಯುವ ರೂಢಿ ಬೆಳೆದಿದೆ. ಆದರೆ ಆರೋಗ್ಯ ಇಲಾಖೆಯ ಕನ್ನಡದಲ್ಲಿ ‘ರೋಗವಾಹಕ’ ಎಂಬ ಪದ ಆಗಲೇ ಸೊಳ್ಳೆಗೆ ಮೀಸಲಾಗಿದೆ. ಮಲೇರಿಯ, ಡೆಂಗಿಗಳು ‘ರೋಗವಾಹಕ ಆಶ್ರಿತ ರೋಗಗಳು’. ಗೋಡೆಯ ಮೇಲೆ ಸೊಳ್ಳೆಯ ಚಿತ್ರದ ಕೆಳಗೆ ಓದಿದ ಪದವನ್ನೇ ಮದುವೆಯ ವಯಸ್ಸಿನ ಹುಡುಗಿಯೊಬ್ಬಳ ಹೆಸರಿನ ಮುಂದೆ ಬರೆದರೆ ನೆರೆಹೊರೆಯವರು ಏನೆಂದು ತಿಳಿದಾರು? ಆಕೆ ಯಾರಿಗೂ ಏನನ್ನೂ ಹರಡಲಾರಳು; ಆಕೆಗೆ ರೋಗವೂ ಇಲ್ಲ. ‘ಒಂದು ಪ್ರತಿ ಇರುವವರು’, ‘ಎರಡು ಪ್ರತಿ ಇರುವವರು’ ಎಂದು ಬಿಡಿಸಿ ಹೇಳುವುದು ಉದ್ದವಾದರೂ ಮೇಲು. ಅಭಿಯಾನದ ಅಂಗವಾಗಿ ಜನರಿಗೆ ಜೀನ್‌ಸ್ಥಿತಿ ತಿಳಿಸುವ ಕಾರ್ಡುಗಳನ್ನು ಕೊಡಲಾಗುತ್ತಿದೆ. ಗಂಡು ಹೆಣ್ಣಿನ ಜಾತಕ ಕೂಡಿಸುವ ಸಮಾಜದಲ್ಲಿ ಅದು ಸುಲಭವಾಗಿ ಒಗ್ಗಿಕೊಳ್ಳಬಹುದು ನಿಜ. ಜಾತಕ ಕೂಡದವರಿಗೆ ಆಗುವ ಅನ್ಯಾಯವೂ ಅದರ ಜತೆಗೇ ಬರುತ್ತದೆ.

ಇನ್ನು ‘ನಾಲ್ಕರಲ್ಲಿ ಒಂದು’ ಎಂಬ ಮಾತು. ಒಂದೊಂದು ಪ್ರತಿ ಇರುವ ಇಬ್ಬರು ಮದುವೆಯಾದರೆ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಎನ್ನುತ್ತಾರೆ. ಕೇಳಿದವರು ‘ನಾಲ್ಕು ಮಕ್ಕಳಾದರೆ ಒಂದಕ್ಕೆ’ ಎಂದು ಅರ್ಥಮಾಡಿಕೊಳ್ಳುವುದು ಸಹಜ. ಮೊದಲ ಮಗುವಿಗೆ ಬಂದುಬಿಟ್ಟರೆ ಮುಂದಿನ ಮೂರೂ ಕ್ಷೇಮ ಎಂಬ ನಂಬಿಕೆ ಅಲ್ಲಿಂದ ಹುಟ್ಟುತ್ತದೆ. ಚೌಕಾಬಾರ ಆಡಿದವರಿಗೆ ಇದನ್ನು ಬೇರೆ ರೀತಿ ಹೇಳಬಹುದು: ಕವಡೆಗೆ ಹಿಂದಿನ ಎಸೆತದ ನೆನಪಿರುವುದಿಲ್ಲ. ಪ್ರತಿ ಬಸಿರೂ ಹೊಸ ಎಸೆತ. ಮೂರು ಮಕ್ಕಳಿರುವ ಅಂತಹ ದಂಪತಿಗಳಲ್ಲಿ ಮೂವರಿಗೂ ರೋಗವಿಲ್ಲದಿರುವ ಸಂಭವ ಮುಕ್ಕಾಲರ ಮೇಲೆ ಮುಕ್ಕಾಲರ ಮೇಲೆ ಮುಕ್ಕಾಲು, ಎಂದರೆ ನೂರಕ್ಕೆ ಸುಮಾರು 42. ಉಳಿದ 58ರಷ್ಟು ಮನೆಗಳಲ್ಲಿ ಒಬ್ಬರಿಗಾದರೂ ಬಂದಿರುತ್ತದೆ.

ಎಣಿಸಿದವರು ಯಾರು, ಎಣಿಕೆಗೆ ಸಿಕ್ಕವರು ಯಾರು

ಆದರೆ ಆಸ್ಪತ್ರೆಯ ದಾಖಲೆ ತೆಗೆದು ನೋಡಿದವರಿಗೆ ‘ನಾಲ್ಕರಲ್ಲಿ ಒಂದು’ ಎಂಬುದೇ ಸುಳ್ಳೆನಿಸಬಹುದು. ಇಬ್ಬಿಬ್ಬರು ಮಕ್ಕಳಿರುವ 16 ಮನೆಗಳಿವೆ, ಎಲ್ಲ ತಂದೆ ತಾಯಿಯರಿಗೂ ಒಂದೊಂದು ಪ್ರತಿ ಇದೆ ಎಂದುಕೊಳ್ಳೋಣ. ನಿಯಮದಂತೆ ಒಂದು ಮನೆಯಲ್ಲಿ ಇಬ್ಬರಿಗೂ ರೋಗ, ಆರು ಮನೆಗಳಲ್ಲಿ ಒಬ್ಬೊಬ್ಬರಿಗೆ, ಒಂಬತ್ತು ಮನೆಗಳಲ್ಲಿ ಯಾರಿಗೂ ಇಲ್ಲ. 32 ಮಕ್ಕಳಲ್ಲಿ 8 ಮಂದಿಗೆ: ಲೆಕ್ಕ ಸರಿಯಾಗಿ ನಾಲ್ಕರಲ್ಲಿ ಒಂದು. ಆದರೆ ಆಸ್ಪತ್ರೆಗೆ ಬರುವುದು ಕಾಯಿಲೆಯ ಮಗುವಿರುವ ಏಳು ಮನೆಗಳು ಮಾತ್ರ. ಅವುಗಳಲ್ಲಿ ಮಕ್ಕಳು 14, ರೋಗವಿರುವವರು 8, ಅರ್ಧಕ್ಕಿಂತ ಹೆಚ್ಚು! ಒಂಬತ್ತು ಮನೆಗಳು ದಾಖಲೆಯಲ್ಲೇ ಇಲ್ಲದುದರಿಂದ ಹುಟ್ಟಿದ ಭ್ರಮೆಯಿದು. ಇದನ್ನು ಸರಿಪಡಿಸುವ ಉಪಾಯ ಸೊಗಸಾಗಿದೆ: ಆಸ್ಪತ್ರೆಗೆ ಬಂದ ಮಗುವನ್ನು ಎಣಿಸದೆ, ಆ ಮಗುವಿನ ಒಡಹುಟ್ಟನ್ನು ಮಾತ್ರ ಎಣಿಸಬೇಕು. ಎಂಟು ಮಕ್ಕಳಿಗೆ ಎಂಟು ಒಡಹುಟ್ಟುಗಳು. ಅವುಗಳಲ್ಲಿ ಆರಕ್ಕೆ ರೋಗವಿಲ್ಲ, ಎರಡಕ್ಕೆ ಇದೆ. ಮತ್ತೆ ನಾಲ್ಕರಲ್ಲಿ ಒಂದು.

ಇಂತಹುದೇ ತೊಡಕು ಸಮುದಾಯಗಳ ಮಟ್ಟದಲ್ಲಿಯೂ ಇದೆ. ಪರಿಶಿಷ್ಟ ಪಂಗಡಗಳ ಹಾಡಿಗಳಲ್ಲಿ ಮಾತ್ರ ಹುಡುಕಿದರೆ ಈ ಜೀನ್ ಪರಿಶಿಷ್ಟ ಪಂಗಡಗಳಲ್ಲಿ ಮಾತ್ರ ಕಾಣುತ್ತದೆ. ವಯನಾಡಿನಲ್ಲಿ ಪಣಿಯ, ಕುರುಮ, ಕುರಿಚ್ಯರಲ್ಲದೆ ಪರಿಶಿಷ್ಟರ ಪಟ್ಟಿಯಲ್ಲಿಲ್ಲದ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಇದು ಗಣನೀಯವಾಗಿ ಇದೆ. ಸೊಳ್ಳೆಗೆ ಸರ್ಕಾರದ ಪಟ್ಟಿ ತಿಳಿದಿರಲಿಲ್ಲ.

ಚಿಕ್ಕ ಸಮುದಾಯಗಳ ಕುರಿತು ಅಂಕಿ ಹೇಳುವಾಗ ಇನ್ನೊಂದು ಎಚ್ಚರ ಬೇಕು. ಹಾಡಿಯೊಂದರಲ್ಲಿ 40 ಮಂದಿಯ ರಕ್ತ ನೋಡಿ ನಾಲ್ವರಲ್ಲಿ ಜೀನ್ ಕಂಡಿತೆಂದರೆ ‘ಈ ಸಮುದಾಯದಲ್ಲಿ ಶೇಕಡಾ 10’ ಎಂದು ವರದಿ ಬರೆಯುವುದು ಸುಲಭ. ಆದರೆ 40ರಷ್ಟು ಸಣ್ಣ ಮಾದರಿಯಿಂದ ಸಮುದಾಯದ ನಿಜವಾದ ಪ್ರಮಾಣ ಶೇಕಡಾ 4ರಿಂದ 23ರವರೆಗೆ ಎಲ್ಲಿಯಾದರೂ ಇರಬಹುದೆಂದಷ್ಟೇ ಸಂಖ್ಯಾಶಾಸ್ತ್ರ ಒಪ್ಪುತ್ತದೆ. 400 ಮಂದಿಯನ್ನು ನೋಡಿ 40 ಮಂದಿಯಲ್ಲಿ ಕಂಡಿದ್ದರೆ ಆ ವ್ಯಾಪ್ತಿ ಶೇಕಡಾ 7ರಿಂದ 13ಕ್ಕೆ ಇಳಿಯುತ್ತಿತ್ತು. ಒಬ್ಬರಲ್ಲಿಯೂ ಕಾಣದಿದ್ದರೆ? ಆಗ ‘ಮೂರರ ನಿಯಮ’ವೆಂಬ ಸರಳ ಲೆಕ್ಕವಿದೆ: ನೋಡಿದವರ ಸಂಖ್ಯೆಯಿಂದ ಮೂರನ್ನು ಭಾಗಿಸಬೇಕು. 60 ಮಂದಿಯಲ್ಲಿ ಯಾರಲ್ಲಿಯೂ ಇಲ್ಲವೆಂದರೆ, ಸಮುದಾಯದಲ್ಲಿ ಅದು ನೂರಕ್ಕೆ ಐದರವರೆಗೂ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕೆಲವೇ ಸಾವಿರ ಜನರಿರುವ ಭಾಷಾಸಮುದಾಯವೊಂದಕ್ಕೆ ‘ನಿಮ್ಮಲ್ಲಿ ಈ ರೋಗವಿಲ್ಲ’ ಎಂದು ಹೇಳುವುದಕ್ಕೂ ‘60 ಮಂದಿಯಲ್ಲಿ ಕಾಣಲಿಲ್ಲ’ ಎಂದು ಹೇಳುವುದಕ್ಕೂ ಬಹಳ ದೂರವಿದೆ.

ಸರಾಸರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಮೋಸ ಎಲ್ಲರಿಗೂ ಗೊತ್ತಿರುವುದೇ. ಒಂಬತ್ತು ಮಂದಿ ರೋಗಿಗಳು ಒಂದು ವರ್ಷದಲ್ಲಿ ಕ್ರಮವಾಗಿ 0, 0, 1, 1, 1, 2, 2, 3, 17 ಸಲ ನೋವಿನಿಂದ ಆಸ್ಪತ್ರೆ ಸೇರಿದರೆ ಸರಾಸರಿ ಮೂರು. ಸಾಲಿನ ನಡುವೆ ನಿಂತವರ ಸಂಖ್ಯೆ, ಎಂದರೆ ಮಧ್ಯಾಂಕ, ಒಂದು. ಔಷಧ ತರಿಸುವವರಿಗೆ ಮೂರು ಬೇಕು. ‘ನನಗೆ ಹೇಗಾದೀತು’ ಎಂದು ಕೇಳುವವರಿಗೆ ಒಂದು ಹೆಚ್ಚು ಹತ್ತಿರದ ಉತ್ತರ. ಹದಿನೇಳು ಸಲ ಬಂದವರಿಗೆ ಎರಡೂ ಉತ್ತರವಲ್ಲ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಅಪರೂಪದ ಕ್ಯಾನ್ಸರ್ ತಗುಲಿದಾಗ, ಪತ್ತೆಯಾದ ಮೇಲೆ ಬದುಕುವ ಕಾಲದ ಮಧ್ಯಾಂಕ ಎಂಟು ತಿಂಗಳೆಂದು ಗ್ರಂಥಗಳಲ್ಲಿ ಓದಿದರು. ಅರ್ಧದಷ್ಟು ಜನ ಎಂಟು ತಿಂಗಳ ಆಚೆಗೂ ಬದುಕುತ್ತಾರೆ, ಆ ಅರ್ಧದ ಬಾಲ ಬಹಳ ಉದ್ದವಿರಬಹುದು ಎಂದು ಅವರು ತರ್ಕಿಸಿದರು. ಆ ಕುರಿತು 1985ರಲ್ಲಿ ಪ್ರಬಂಧವೊಂದನ್ನೂ ಬರೆದರು. ಅವರು ತೀರಿಕೊಂಡುದು 2002ರಲ್ಲಿ.

ಪ್ರಯೋಗಾಲಯದ ವರದಿಯಲ್ಲಿ ‘ಸಾಮಾನ್ಯ ಮಿತಿ’ ಎಂದು ಅಚ್ಚಾಗಿರುವ ಅಂಕಿಗಳೂ ಹೀಗೆಯೇ ಮನುಷ್ಯರು ಎಳೆದ ಗೆರೆಗಳು. ಆರೋಗ್ಯವಂತರ ಅಳತೆಗಳಲ್ಲಿ ನಡುವಿನ ಶೇಕಡಾ 95ರಷ್ಟನ್ನು ಸಾಮಾನ್ಯವೆಂದು ಕರೆಯುವುದು ರೂಢಿ. ಆದುದರಿಂದ ಸಂಪೂರ್ಣ ಆರೋಗ್ಯವಂತರೊಬ್ಬರಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ಗೆರೆ ದಾಟುವ ಸಂಭವ ನೂರಕ್ಕೆ 64. ಹಿಮೋಗ್ಲೋಬಿನ್‌ನ ಗೆರೆಯಂತೂ ನೆಲದ ಎತ್ತರವನ್ನು ಅವಲಂಬಿಸಿದೆ. ಎತ್ತರದ ಜಾಗದಲ್ಲಿ ಗಾಳಿಯ ಆಮ್ಲಜನಕದ ಒತ್ತಡ ಕಡಿಮೆಯಿರುವುದರಿಂದ ದೇಹ ಹೆಚ್ಚು ಹಿಮೋಗ್ಲೋಬಿನ್ ತಯಾರಿಸಿಕೊಳ್ಳುತ್ತದೆ; ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಯ ಮಿತಿಯನ್ನು ಎತ್ತರಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕೆನ್ನುತ್ತದೆ. 2,200 ಮೀಟರಿಗೂ ಎತ್ತರದ ಉದಕಮಂಡಲದ ಬಡಗ ಹೆಂಗಸಿಗೂ ಬಯಲಿನ ರಾಯದುರ್ಗದ ಹೆಂಗಸಿಗೂ ಒಂದೇ ಗೆರೆ ಎಳೆದರೆ, ಬೆಟ್ಟದವಳ ರಕ್ತಹೀನತೆ ಗೆರೆಯ ಮೇಲೆ ಅಡಗಿ ಕುಳಿತಿರುತ್ತದೆ.

ಈ ಎಲ್ಲ ಲೆಕ್ಕವನ್ನೂ ಚೀಟಿಯ ಮೇಲೆ ಬರೆಯಲಾಗದು. ಆದರೆ ‘ಪಾಸಿಟಿವ್’ ಎಂಬ ಒಂದೇ ಪದದ ಬದಲು ನಾಲ್ಕು ಸಾಲು ಹಿಡಿಸುವಷ್ಟು ಜಾಗ ಅದರಲ್ಲಿ ಇದ್ದೇ ಇದೆ. ಮೊದಲ ಪರೀಕ್ಷೆಯಲ್ಲಿ ಮಬ್ಬು ಕಂಡವರಿಗೆ ಕೊಡುವ ಕನ್ನಡ ಚೀಟಿ ಹೀಗಿರಬಹುದು: ‘ಇದು ಮೊದಲ ಜರಡಿ ಮಾತ್ರ. ನಿಮಗೆ ರೋಗವಿದೆ ಎಂದು ಇದರ ಅರ್ಥವಲ್ಲ. ನಿಮ್ಮ ರಕ್ತವನ್ನು ಇನ್ನೊಂದು ಬಗೆಯ ಪರೀಕ್ಷೆಗೆ ಕಳುಹಿಸಿದ್ದೇವೆ. ಅದು ಬರುವವರೆಗೆ ಮದುವೆ, ಬಸಿರಿನ ವಿಚಾರದಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.’ ತಿಳಿಯಾಗಿ ಕಂಡವರ ಚೀಟಿಗೆ ಎರಡು ಸಾಲು ಸಾಕು: ‘ಈ ಪರೀಕ್ಷೆಯಲ್ಲಿ ಕುಡುಗೋಲು ಹಿಮೋಗ್ಲೋಬಿನ್ ಕಾಣಲಿಲ್ಲ. ಇದು ಆರು ತಿಂಗಳೊಳಗಿನ ಕೂಸಿನ ರಕ್ತವಾಗಿದ್ದರೆ, ಇಲ್ಲವೇ ಇತ್ತೀಚೆಗೆ ರಕ್ತ ಕೊಡಿಸಿದ್ದರೆ, ಈ ಚೀಟಿಯನ್ನು ನಂಬಿ ಕೂರದೆ ಬೇರೆ ಬಗೆಯ ಪರೀಕ್ಷೆ ಮಾಡಿಸಿ.’ ಇವನ್ನೇ ಕಾಟ್ಟುನಾಯ್ಕ, ಬೆಟ್ಟಕುರುಂಬ, ಬಡಗ, ಸೋಲಿಗ ನುಡಿಗಳಲ್ಲಿ ಆಯಾ ಸಮುದಾಯದವರ ಬಾಯಿಂದಲೇ ಹೇಳಿಸಿ, ಓದಲು ಬಾರದವರು ಕೇಳುವಂತೆ ಶಿಬಿರದಲ್ಲಿ ಧ್ವನಿಮುದ್ರಿಕೆ ಹಾಕುವುದಕ್ಕೆ ತಗಲುವ ಖರ್ಚು ಒಂದು ಪೆಟ್ಟಿಗೆ ದ್ರಾವಣಕ್ಕಿಂತ ಹೆಚ್ಚಾಗಲಾರದು.